ಮುಳ್ಳುಹಂದಿಯನ್ನು ಪಾಸು ಮಾಡಿದವರು

ಬೇಡಪ್ಪ ಪುಕ್ಕಲು ಮನುಷ್ಯ. ಅವರನ್ನು ಬಲ್ಲವರಲ್ಲಿ ಕೆಲವರು ಶಿಸ್ತಿನವರು ಎನ್ನುತ್ತಿದ್ದರು, ಕೆಲವರು ಕಲ್ಲೆದೆಯವರು ಎನ್ನುತ್ತಿದ್ದರು. ಎರಡೂ ಅವರ ಯೋಗ್ಯತೆಗೆ ಮೀರಿದ ಮಾತು. ಬೇಡ ಎಂದವನನ್ನು ಯಾರೂ ಹಿಡಿದು ಕೇಳುವುದಿಲ್ಲ, ಸರಿ ಎಂದವನ ಜುಟ್ಟು ಮಾತ್ರ ಹತ್ತು ಜನರ ಕೈಗೆ ಸಿಗುತ್ತದೆ ಎಂಬ ಒಂದೇ ತಿಳಿವಳಿಕೆಯ ಮೇಲೆ ಅವರು ಎಪ್ಪತ್ತು ವರ್ಷ ಬದುಕಿದ್ದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬುದನ್ನು ಬೇರೆಯವರು ತಮಾಷೆಗೆ ಹೇಳುತ್ತಾರೆ; ಅವರಿಗೆ ಅದು ದಿನಚರಿಯಾಗಿತ್ತು.

ಬೇಡಪ್ಪ ಎನ್ನುವುದು ಗ್ರಂಥಾಲಯದ ಮಕ್ಕಳು ಇಟ್ಟ ಹೆಸರು. ಆ ಗ್ರಂಥಾಲಯದ ನೆಲಮಹಡಿಯಲ್ಲಿ ಇನ್ನೂರು ಕುರ್ಚಿಗಳ ಒಂದು ಹಾಲ್ ಇತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಮಕ್ಕಳಿಗೆ ಕಾರ್ಟೂನ್ ಚಿತ್ರ ತೋರಿಸುತ್ತಿದ್ದರು. ಯಾವ ಚಿತ್ರವಾದರೂ ಮೊದಲು ಬೇಡಪ್ಪನವರು ನೋಡಿ, ಮಕ್ಕಳಿಗೆ ಯೋಗ್ಯವೋ ಅಲ್ಲವೋ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ನಿವೃತ್ತರಾದ ಮೇಲೆ ಅವರು ಒಪ್ಪಿಕೊಂಡ ಕೆಲಸ ಇದು. ಅದಕ್ಕೆ ಮೊದಲು ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ತಕ್ಕಡಿಯ ಮುಳ್ಳು ನೋಡುವಾಗ ಅಂಗಡಿಯವನ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದು ಎಂಬುದು ಅಲ್ಲಿ ಕಲಿತ ಪಾಠ. ಅವನು ಕುಶಲ ಕೇಳುತ್ತಾನೆ, ಮಗಳ ಮದುವೆಯ ಸುದ್ದಿ ಎತ್ತುತ್ತಾನೆ, ಅಷ್ಟರಲ್ಲಿ ಮುಳ್ಳು ಎರಡು ಗೆರೆ ಆಚೆ ನಿಂತದ್ದು ಕಣ್ಣಿಗೆ ಬೀಳುವುದಿಲ್ಲ. ಆ ಪಾಠವನ್ನು ಬೇಡಪ್ಪನವರು ಇಲ್ಲಿಗೂ ಹೊತ್ತು ತಂದರು. ಚಿತ್ರಗಳನ್ನು ಸದ್ದು ಪೂರ್ತಿ ನಿಲ್ಲಿಸಿಯೇ ನೋಡುತ್ತಿದ್ದರು.

"ಈ ಮ್ಯೂಸಿಕ್ ಅನ್ನೋದು ಅಂಗಡಿಯವನ ಮಾತಿದ್ದ ಹಾಗೆ ಕಣಯ್ಯ," ಎಂದು ಪ್ರೊಜೆಕ್ಟರ್ ನಡೆಸುವ ಆಪರೇಟರಿಗೆ ಹೇಳುತ್ತಿದ್ದರು. "ಅದನ್ನ ತೆಗೆದುಹಾಕಿ ನೋಡು, ಸರಕು ಎಂಥದ್ದು ಅಂತ ತಾನೇ ಗೊತ್ತಾಗತ್ತೆ."

"ಹಾಗೆ ನೋಡಿದ್ರೆ ನಮ್ಮ ಮನೆಯವಳೂ ಚೆನ್ನಾಗೇ ಕಾಣ್ತಾಳೆ ಸಾರ್," ಎನ್ನುತ್ತಿದ್ದ ಐವತ್ತು ದಾಟಿದ ಆಪರೇಟರ್.

ಸದ್ದಿಲ್ಲದ ಪ್ರಾಣಿಗಳು ಬೇಡಪ್ಪನವರ ಮುಂದೆ ಒಂದೊಂದಾಗಿ ಬಂದು ಸೋತು ಹೋದವು. ಇಲಿ ಬಾಣಲೆಯಿಂದ ಬೆಕ್ಕಿಗೆ ಬಾರಿಸಿತು: ಹಿಂಸೆ, ಬೇಡ. ಕೋತಿ ಹಣ್ಣು ಎಗರಿಸಿತು: ಕಳ್ಳತನಕ್ಕೆ ಪ್ರೋತ್ಸಾಹ, ಬೇಡ. ನೀರಾನೆ ಕೂತದ್ದಕ್ಕೆ ಕುರ್ಚಿ ಮುರಿಯಿತು: ದಪ್ಪಗಿರುವವರಿಗೆ ಅವಮಾನ, ಬೇಡ. ಈ ಮೂರನೆಯದರಲ್ಲಿ ನ್ಯಾಯವಿತ್ತು. ಉಳಿದದ್ದೆಲ್ಲ ಬೆಣ್ಣೆಯಲ್ಲಿ ಕಲ್ಲು ಹುಡುಕುವ ಕೆಲಸ. ಪ್ರತಿ ತೀರ್ಪಿನ ಕೊನೆಗೂ 'ಇದು ಸಮಿತಿಯ ಅಭಿಪ್ರಾಯ' ಎಂದು ದುಂಡಗೆ ಬರೆಯುತ್ತಿದ್ದರು. ಸಮಿತಿಯಲ್ಲಿ ಮೂವರಿದ್ದರು ನಿಜ. ಒಬ್ಬರು ಬೇರೆ ಊರಿಗೆ ಹೋಗಿ ಆರು ವರ್ಷವಾಗಿತ್ತು. ಇನ್ನೊಬ್ಬರಿಗೆ ಮಂಡಿನೋವು, ಗ್ರಂಥಾಲಯದ ಮೆಟ್ಟಿಲು ಹತ್ತದೆ ನಾಲ್ಕು ವರ್ಷ. ಆದರೂ ಬೇಡಪ್ಪನವರು ಆ ಇಬ್ಬರನ್ನು ಬಿಟ್ಟುಕೊಡಲಿಲ್ಲ. ಮಳೆ ಬರಲಿ ಬಾರದಿರಲಿ, ಕೊಡೆ ಕೈಯಲ್ಲಿರಬೇಕು.

ಎಂಟು ವರ್ಷದ ಈ ಸೋಸುವಿಕೆಯಲ್ಲಿ ಕೊನೆಗೆ ಜರಡಿಯಲ್ಲಿ ಉಳಿದದ್ದು ಮೂರು ಚಿತ್ರ: ಹಲ್ಲುಜ್ಜುವ ಮೊಲ, ರಸ್ತೆ ದಾಟುವ ಬಾತುಕೋಳಿ, ಸತ್ಯ ಹೇಳುವ ಆಮೆ. ಸರದಿಯ ಮೇಲೆ ಅವೇ ಬರುತ್ತಿದ್ದವು. ಮಕ್ಕಳು ಬರುವುದು ನಿಂತಿತು. ಒಂದು ಸೋಮವಾರ ಗ್ರಂಥಾಲಯದ ಮೇಡಂ ಅವರನ್ನು ಕರೆಸಿದರು.

"ಸಾರ್, ಆ ಆಮೆ ಇನ್ನೆಷ್ಟು ಸಲ ಸತ್ಯ ಹೇಳಬೇಕು? ನಿನ್ನೆ ಬಂದಿದ್ದು ಹನ್ನೊಂದು ಮಕ್ಕಳು. ಅದ್ರಲ್ಲಿ ಇಬ್ರು ನಿದ್ದೆ ಮಾಡೋಕೇ ಬಂದಿದ್ರು. ಮೇಲಿನ ಮಹಡಿ ಟ್ಯೂಷನ್‌ನವರು ಈ ಹಾಲ್ ಮೇಲೆ ಕಣ್ಣಿಟ್ಟಿದ್ದಾರೆ. ಬರೋ ಭಾನುವಾರ ತುಂಬದಿದ್ರೆ ಅವರಿಗೆ ಇಲ್ಲ ಅನ್ನೋಕೆ ನನ್ನ ಹತ್ರ ಕಾರಣ ಇರಲ್ಲ. ಹೊಸದೊಂದು ಚಿತ್ರ ಪಾಸ್ ಮಾಡ್ಕೊಡಿ. ಇಲ್ಲ ಅಂದ್ರೆ ಮಕ್ಕಳ ಚಿತ್ರ ಅವತ್ತಿಗೆ ಮುಗೀತು."

ಬಿಸಿತುಪ್ಪ ಬಾಯಲ್ಲಿಟ್ಟಂತಾಯಿತು. ಮೂರು ದಿನ ಕೂತು ಬೇಡಪ್ಪನವರು ಹದಿನಾಲ್ಕು ಚಿತ್ರ ನೋಡಿದರು. ಹದಿನಾಲ್ಕನೆಯದು ಕ್ಷೌರದಂಗಡಿ ಇಟ್ಟ ಮುಳ್ಳುಹಂದಿಯ ಕಥೆ. ಗಿರಾಕಿಯ ಕೂದಲು ಮೂಗಿಗೆ ಹೋದಾಗಲೆಲ್ಲ ಅದಕ್ಕೆ ಸೀನು. ಸೀನಿದಾಗಲೆಲ್ಲ ಮೈಮೇಲಿನ ಮುಳ್ಳುಗಳು ಹಾರಿ, ಕುರಿ, ಸಿಂಹ, ಕರಡಿ ಎಲ್ಲರನ್ನೂ ಬಟ್ಟೆಯ ಸಮೇತ ಗೋಡೆಗೆ ನೆಡುತ್ತಿದ್ದವು. ಯಾರಿಗೂ ಗಾಯವಿಲ್ಲ. ಯಾರೂ ಕದಿಯುವುದಿಲ್ಲ. ಕುರ್ಚಿಗಳು ಗಟ್ಟಿಯಾಗಿವೆ. ನಡುವೆ ಎಲ್ಲೋ ಪರದೆ ಸ್ವಲ್ಪ ಹೊತ್ತು ಕಪ್ಪಾಯಿತು. ಹಳೆಯ ಚಿತ್ರಗಳಲ್ಲಿ ಎರಡು ಭಾಗಗಳ ನಡುವೆ ಹಾಗೆ ಖಾಲಿ ಬಿಟ್ಟಿರುತ್ತಾರೆಂದುಕೊಂಡು ಅವರು ಅಷ್ಟರಲ್ಲಿ ಕನ್ನಡಕ ಒರೆಸಿಕೊಂಡರು. 'ಯೋಗ್ಯ. ಇದು ಸಮಿತಿಯ ಅಭಿಪ್ರಾಯ' ಎಂದು ಬರೆದರು. ಮೇಡಂ ಅಂದೇ ಶಾಲೆಗಳಿಗೆಲ್ಲ ಪೋಸ್ಟರ್ ಕಳಿಸಿದರು.

ಶನಿವಾರ ಮಧ್ಯಾಹ್ನ ಆಪರೇಟರ್ ಸ್ಪೀಕರ್ ಪರೀಕ್ಷೆ ಮಾಡುತ್ತಿದ್ದವನು ಓದುವ ಕೋಣೆಗೆ ಓಡಿಬಂದ.

"ಸಾರ್, ಒಂದ್ ನಿಮಿಷ ಬನ್ನಿ. ನಿಮ್ಮ ಖಾಲಿ ಜಾಗ ಮಾತಾಡ್ತಿದೆ."

ಹಾಲಿಗೆ ಹೋಗಿ ಕೂತರು. ಮುಳ್ಳುಹಂದಿಯ ಮರಿ ಅಂಗಡಿಯ ಕೆಳಗಿನ ಬಿಲಕ್ಕೆ ಜಾರಿತು. ಪರದೆ ಕಪ್ಪಾಯಿತು. ಕತ್ತಲೆಯಲ್ಲಿ ಒಂದು ಪುಟ್ಟ ದನಿ, "ಅಪ್ಪಾ?" ಎಂದಿತು. ಉತ್ತರವಿಲ್ಲ. "ಅಪ್ಪಾ, ಎಲ್ಲಿದ್ದೀಯಾ? ನಂಗೇನೂ ಕಾಣ್ತಿಲ್ಲ." ಉಸಿರು, ಬಿಕ್ಕು, ಮತ್ತೆ ಏನೂ ಇಲ್ಲ. ಆಮೇಲೆ ಹಾಲೆಲ್ಲ ನಡುಗುವಂಥ ಒಂದು ಸೀನು! ಬೆಳಕು ಬಂದಾಗ ಊರಿನ ಪ್ರಾಣಿಗಳೆಲ್ಲ ಚಾವಣಿಗೆ ಅಂಟಿಕೊಂಡಿದ್ದವು, ಮರಿ ಅಪ್ಪನ ಕಾಲ ಬಳಿ ಇತ್ತು.

"ಕತ್ತಲೆ ಇಪ್ಪತ್ತೆರಡು ಸೆಕೆಂಡು ಇದೆ ಸಾರ್," ಎಂದ ಆಪರೇಟರ್. "ನಾನೇ ಲೈಟ್ ಹಾಕೋಕೆ ಎದ್ದೆ."

ಬೇಡಪ್ಪನವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆ ಮೂರು ಚಿತ್ರ ಬಿಟ್ಟರೆ, ಎಂಟು ವರ್ಷದಲ್ಲಿ ಒಂದೇ ಒಂದು ಸಲ ಹೊಸತಕ್ಕೆ ಸರಿ ಎಂದಿದ್ದರು. ಅದರೊಳಗೇ ಒಂದು ಮಗು ಅಳುತ್ತಿತ್ತು. ಚಿತ್ರ ನಿಲ್ಲಿಸಿದರೆ ನಾಳೆ ಹಾಲ್ ಕೈಬಿಟ್ಟು ಹೋಗುತ್ತದೆ. ಬಿಟ್ಟರೆ ನಾಳೆ ಯಾವ ಮಗು ಕಿರುಚುತ್ತದೋ.

"ಆ ಭಾಗ ಹಾರಿಸ್ಬಿಡು," ಎಂದರು.

ಅಷ್ಟರಲ್ಲಿ ಅವರ ಮಗಳು ಪುಸ್ತಕ ಹಿಂದಿರುಗಿಸಲು ಬಂದಿದ್ದಳು. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಅವಳು. ಜೊತೆಗೆ ಐದು ವರ್ಷದ ಗುಬ್ಬಿ, ಬೇಡಪ್ಪನವರ ಮೊಮ್ಮಗಳು. ಸರಿ, ಗುಬ್ಬಿಯನ್ನೇ ಕೂರಿಸಿ ಕತ್ತಲೆ ಹಾರಿಸಿದ ಚಿತ್ರ ತೋರಿಸಿದರು. ಮರಿ ಬಿಲಕ್ಕೆ ಜಾರಿದ ಮರುಗಳಿಗೆ ಸೀನು ಬಂತು, ಪ್ರಾಣಿಗಳು ಚಾವಣಿಗೆ ಹತ್ತಿದವು. ಗುಬ್ಬಿ ನಗಲಿಲ್ಲ.

"ತಾತ, ಅವರಪ್ಪಂಗೆ ಶೀತ ಆಗಿದ್ಯಾ?" ಎಂದಳು.

ಮಗಳು ಕೈ ಕಟ್ಟಿ ನಿಂತಿದ್ದಳು. "ಪೂರ್ತಿ ತೋರಿಸಿ ಅಪ್ಪ."

"ಹೆದರಿಕೊಂಡ್ರೆ?"

"ಹೆದರಿಕೊಳ್ಳಲಿ. ನಮ್ಮ ವಾರ್ಡಲ್ಲಿ ದಿನಾ ನೋಡ್ತೀನಿ. ಸೂಜಿ ನೋವಾಗಲ್ಲ ಅಂತ ಸುಳ್ಳು ಹೇಳಿದ್ರೆ ಮಕ್ಕಳು ಜಾಸ್ತಿ ಅಳ್ತವೆ. ಮತ್ತೆ ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಭಯ ಮಕ್ಕಳ ಬಗ್ಗೆ ಅಲ್ಲ. ಅವರ ಅಮ್ಮಂದಿರ ಬಗ್ಗೆ."

"ಬಾಯಿಮುಚ್ಚು," ಎಂದರು ಬೇಡಪ್ಪನವರು. ಅಲ್ಲ ಎನ್ನಲಿಲ್ಲ.

ಪೂರ್ತಿ ತೋರಿಸಿದರು. ಕತ್ತಲೆಯಾದೊಡನೆ ಗುಬ್ಬಿಯ ಕೈ ಅವರ ತೋರುಬೆರಳನ್ನು ಹುಡುಕಿ ಹಿಡಿಯಿತು. "ಅಪ್ಪಾ" ಎಂಬ ಎರಡನೆಯ ಕೂಗಿಗೆ ಹಿಡಿತ ಬಿಗಿಯಾಯಿತು, ಉಗುರು ಚುಚ್ಚಿತು. ಸೀನು ಬಂದಾಗ ಅವಳು ಕುರ್ಚಿಯಿಂದ ಕೆಳಗೆ ಜಾರಿ, ನೆಲದ ಮೇಲೆ ಕೂತು, ಉಸಿರು ಸಿಗದ ಹಾಗೆ ನಕ್ಕಳು. ಇನ್ನೊಂದು ಸಲ ಹಾಕು ಎಂದಳು. ಇನ್ನೊಂದು ಸಲ ಹಾಕಿದರು. ಎರಡನೆಯ ಸಲ ಕತ್ತಲೆಯಲ್ಲೇ ನಗಲು ಶುರುಮಾಡಿದಳು.

ಬೇಡಪ್ಪನವರು ತಮ್ಮ ತೋರುಬೆರಳನ್ನು ತಿರುಗಿಸಿ ನೋಡಿಕೊಂಡರು. ನಾಲ್ಕು ಉಗುರಿನ ಗುರುತು ಸ್ಪಷ್ಟವಾಗಿತ್ತು. ಅಳೆಯುವ ಮನುಷ್ಯನಲ್ಲವೆ, ಗುರುತು ಎಷ್ಟು ಆಳ ಎಂದು ಅವರಿಗೆ ತಿಳಿಯಿತು. ಇವಳಿಗೆ ಹಿಡಿಯಲು ಒಂದು ಬೆರಳಿತ್ತು. ನಾಳೆ ಬರುವವರಿಗೆ? ಭಾನುವಾರದ ವಾಡಿಕೆಯಂತೆ ಹೆತ್ತವರು ಮಕ್ಕಳನ್ನು ಒಳಗೆ ತಳ್ಳಿ, ಹೊರಗೆ ಅಂಗಳದಲ್ಲಿ ಹರಟುತ್ತಾ ನಿಲ್ಲುತ್ತಿದ್ದರು.

ನೆಟ್ಟಗೆ ಮೇಡಂ ಕೋಣೆಗೆ ಹೋದರು. "ಚಿತ್ರ ಪೂರ್ತಿ ಹೋಗಲಿ. ಆದ್ರೆ ಸಣ್ಣ ಮಕ್ಕಳ ಜೊತೆ ದೊಡ್ಡವರೊಬ್ರು ಒಳಗೆ ಕೂರಬೇಕು. ಬಾಗಿಲಲ್ಲೇ ಬೋರ್ಡ್ ಹಾಕಿ."

"ಅಮ್ಮಂದಿರನ್ನ ಒಳಗೆ ಬಿಡೋದಾ?" ಮೇಡಂ ಪೆನ್ನು ಕೆಳಗಿಟ್ಟರು. "ನೀವೇ ಹೇಳ್ತಿದ್ದೀರಾ ಸಾರ್, ಇದನ್ನ?"

"ಹೌದು."

"ಹಾಗಾದ್ರೆ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರು ಸೇರಿಸ್ತೀರಾ?"

"ಬೇಡ. ಸಮಿತಿ ಅಂತ ಇದೆಯಲ್ಲ, ಇರಲಿ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಚಿತ್ರ ನಡೆಯುತ್ತದೆ, ಬೈಗುಳ ಬಂದರೆ ಊರು ಬಿಟ್ಟವರಿಗೂ ಮಂಡಿನೋವಿನವರಿಗೂ ಪಾಲಾಗುತ್ತದೆ. ಅಂದು ಸಂಜೆ ಅವರು ಎಂದಿನಂತೆ ನಡೆದುಕೊಂಡೇ ಮನೆಗೆ ಹೋದರು.

ಭಾನುವಾರ ಹಾಲ್ ತುಂಬಿ, ಗೋಡೆಗೆ ಒರಗಿ ನಿಲ್ಲುವಷ್ಟು ಜನ ಬಂದರು. ಬೇಡಪ್ಪನವರು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿ ಆರಿಸಿಕೊಂಡಿದ್ದರು. ಎರಡು ಹೆಜ್ಜೆ ಇಟ್ಟರೆ ಅಂಗಳ. ಕುರಿ ಗೋಡೆಗೆ ಅಂಟಿದಾಗ ಹಾಲ್ ನಕ್ಕಿತು. ಸಿಂಹ ಅಂಟಿದಾಗ ಒಬ್ಬ ಮುದುಕ ನಗುತ್ತಾ ಕೆಮ್ಮಿದ. ಎಂಟು ವರ್ಷದಲ್ಲಿ ಆ ಚಾವಣಿಯ ಕೆಳಗೆ ಇಷ್ಟು ಸದ್ದು ಆಗಿರಲಿಲ್ಲ. ಮೇಡಂ ಪಕ್ಕದ ಗೋಡೆಯ ಬಳಿ ನಿಂತು, ತುಂಬಿದ ಕುರ್ಚಿಗಳನ್ನೇ ನೋಡುತ್ತಿದ್ದರು.

ಆಮೇಲೆ ಕತ್ತಲೆ ಬಂತು.

"ಅಪ್ಪಾ?"

ಬಟ್ಟೆಗಳ ಸರಸರ, ಮಕ್ಕಳು ತೊಡೆಯೇರುತ್ತಿದ್ದರು. "ಎಲ್ಲಿದ್ದೀಯಾ? ನಂಗೇನೂ ಕಾಣ್ತಿಲ್ಲ." ನಾಲ್ಕನೆಯ ಸಾಲಿನಲ್ಲಿ ಒಂದು ಮಗು ದೊಡ್ಡದಾಗಿ ಅತ್ತಿತು. ಸೀನು ಬಂತು, ಬೆಳಕು ಬಂತು, ಹಾಲ್ ಸಿಡಿದುಬಿದ್ದ ಹಾಗೆ ನಕ್ಕಿತು. ಆ ಮಗು ನಗಲಿಲ್ಲ. ಅಳುತ್ತಲೇ ಇತ್ತು. ಅದರ ತಾಯಿ ಎದ್ದು ನಿಂತಳು. ಎತ್ತರದ ಹೆಂಗಸು, ಪರದೆಯ ಬೆಳಕು ಅವಳ ಹೆಗಲಿಗೆ ಹೊಡೆಯುತ್ತಿತ್ತು.

"ಯಾರ್ರೀ ಇದನ್ನ ಮಕ್ಕಳಿಗೆ ಅಂತ ಪಾಸ್ ಮಾಡಿದ್ದು?"

ಹತ್ತಿರದ ಸಾಲುಗಳಲ್ಲಿ ನಗು ತಗ್ಗಿತು. "ಕೂತ್ಕೊಳ್ಳಮ್ಮಾ, ಕಾಣ್ತಿಲ್ಲ," ಎಂದಿತು ಹಿಂದಿನಿಂದ ಒಂದು ದನಿ.

"ಕೂರಲ್ಲ. ನನ್ನ ಮಗೂನ ನೋಡಿ, ಹೇಗೆ ನಡುಗ್ತಿದೆ. ಯಾರು ಅಂತ ಕೇಳಿದೆ. ಹೇಳಿ."

ಮೇಡಂ ಗೋಡೆ ಬಿಟ್ಟು ಮುಂದೆ ಬಂದರು. "ಅದು... ನಮ್ಮಲ್ಲಿ ಒಂದು ಸಮಿತಿ ಇದೆ. ಅವರೆಲ್ಲ ಕೂತು ನೋಡಿ..."

ಬಾಗಿಲು ಬೇಡಪ್ಪನವರ ಎಡಗೈಗೆ ಎಟಕುವಷ್ಟು ದೂರದಲ್ಲಿತ್ತು. ಚಿಲಕ ಹಾಕಿರಲಿಲ್ಲ. ಅವರು ಎದ್ದರು.

"ಸಮಿತಿ ಇಲ್ಲಮ್ಮ," ಎಂದರು. ದನಿ ಅವರು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ನೋಡಿದ್ದು ನಾನೊಬ್ಬನೇ. ಪಾಸ್ ಮಾಡಿದ್ದೂ ನಾನೇ."

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಬೇಡಪ್ಪನವರು ಯಾವ ಮಗುವಿನ ನೋಟಕ್ಕೂ ಅಡ್ಡ ಬಾರದಂತೆ ಬೆನ್ನು ಬಗ್ಗಿಸಿ, ಕುರ್ಚಿಗಳ ನಡುವಿನ ದಾರಿಯಲ್ಲಿ ನಾಲ್ಕನೆಯ ಸಾಲಿನ ಕಡೆಗೆ ಇಳಿದು ಹೋದರು.