ಐಸ್‌ಲ್ಯಾಂಡಿಗೆ ಏಳು ದಿನ

ಗ್ಲೆನ್ ವೇವರ್ಲಿ ಎಂಬ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಹಡಗಿನ ನಿವೃತ್ತ ಎಂಜಿನಿಯರ್. ಹಾಲಿನ ಬಾಟಲಿಯ ಮೇಲಿನ ದಿನಾಂಕವನ್ನೂ ಕನ್ನಡಕ ಹಣೆಗೇರಿಸಿ ಓದಿ, "ನಿಜಾನಾ ನೋಡ್ಬೇಕು" ಎನ್ನುತ್ತಿದ್ದರು.

ಒಂದು ಸಂಜೆ ಅವರು ನಮ್ಮ ಮನೆಗೆ ಕಾಫಿಗೆ ಬಂದಿದ್ದಾಗ ನನ್ನ ಮಗಳು ತನ್ನ ಹೋಮ್‌ವರ್ಕ್ ಅವರಿಗೆ ತೋರಿಸಿದಳು. ಹಿಂದಿನ ಕಾಲದ ನಾರ್ಸ್ ನಾವಿಕರು ನಾರ್ವೆಯಿಂದ ಐಸ್‌ಲ್ಯಾಂಡಿಗೆ ಏಳು ದಿನದಲ್ಲಿ ತಲುಪುತ್ತಿದ್ದರು ಎಂದು ಬರೆದಿದ್ದಳು.

"ನಿಜಾನಾ ನೋಡ್ಬೇಕು ಪುಟ್ಟಿ. ಗಾಳಿ ನಿಂತ್ರೆ ಎಷ್ಟು ದಿನ?"

"ಬುಕ್‌ನಲ್ಲಿ ಸೆವೆನ್ ಅಂತಿದೆ, ಅಂಕಲ್."

ಎಲ್ಲದಕ್ಕೂ ಯಾಕಿಷ್ಟು ಅನುಮಾನ ಎಂದು ನಾನು ಬೇಸರದಿಂದಲೇ ಕೇಳಿದೆ.

"ಒಂದ್ಸಲ ಎಂಜಿನ್ ಕೆಟ್ಟು ಹನ್ನೊಂದು ದಿನ ನಡುಸಮುದ್ರದಲ್ಲಿ ನಿಂತಿದ್ವಿ," ಎಂದರು. "ಹಡಗಿನ ಲಾಗ್‌ಬುಕ್‌ನಲ್ಲಿ ಎರಡೇ ದಿನ ಅಂತಿದೆ. ಹಾಗೆ ಬರೆದು ಸಹಿ ಹಾಕಿದ್ದು ನಾನೇ."

"ವೈ, ಅಂಕಲ್?" ಎಂದಳು ಮಗಳು.

ಅವರು ಪುಸ್ತಕವನ್ನು ಮೆಲ್ಲಗೆ ಅವಳ ಕಡೆ ಸರಿಸಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು.