ಇಲ್ಲದ ಬೆಕ್ಕಿಗೆ ಸೀನಿದ ಡಾಕ್ಟರು

ನಾನು ರಾಯಬಾಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದೆವ್ವ, ಗಾಳಿ, ದೃಷ್ಟಿ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಪೈಕಿ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಚಿಕ್ಕೋಡಿಯಲ್ಲಿ ಆ ಡಾಕ್ಟರು ಸೀನಿದ್ದಂತೂ ಸುಳ್ಳಲ್ಲ.

ಆಗ ಮಗಳು ಗೌರಿ ಒಂದನೇ ಇಯತ್ತೆ. ಹೊಲಗಳಲ್ಲಿ ಕಬ್ಬು ಕಡಿದ ಮೇಲೆ ಉಳಿದ ರವದಿ ಸುಡುವ ಹೊಗೆ ಎದ್ದಿತೆಂದರೆ ಅವಳ ಎದೆ ಸುಂಯ್‌ಗುಡುತ್ತಿತ್ತು. ಒಂದು ಮಾತು ಮುಗಿಸಲು ನಡುವೆ ನಿಂತು ಉಸಿರೆಳೆದುಕೊಳ್ಳಬೇಕು. ಊರಿನ ಡಾಕ್ಟರು ಬಾಯಲ್ಲಿಟ್ಟು ಔಷಧಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟಿದ್ದರು. ಅತ್ತೆ ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಪಂಪು ಹಚ್ಚಿದರೆ ಸಾಯುವತನಕ ಬಿಡದ ಚಟವಾಗುತ್ತದೆ, ನಾಳೆ ಈ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂಬುದು ಅವರ ವಾದ. ನನ್ನ ವಿಜ್ಞಾನವೆಲ್ಲ ಶಾಲೆಯ ಗೇಟಿನೊಳಗೆ ಮಾತ್ರ ನಡೆಯುತ್ತಿತ್ತು.

ಒಮ್ಮೆ ಗೌರಿಯನ್ನು ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಹಚ್ಚಿಸುವ ಹಾಗಾಯಿತು. ಮನೆಗೆ ಬಂದ ಮೇಲೆ, ಚಿಕ್ಕೋಡಿಗೆ ವಾರಕ್ಕೊಮ್ಮೆ ಬರುವ ಮಕ್ಕಳ ಶ್ವಾಸಕೋಶದ ತಜ್ಞರಿಗೆ ತೋರಿಸಲು ಹೊರಟೆ. ಅವರೂ ಪಂಪು ಕೊಟ್ಟಾರೆಂದು ಕಾವಲಿಗೆ ಅತ್ತೆ ಜೊತೆಗೆ ಬಂದರು.

ಡಾಕ್ಟರು ಗೌರಿಯ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟವರೇ ಮೇಲಿಂದ ಮೇಲೆ ಸೀನತೊಡಗಿದರು. ಮೂಗೊರೆಸಿಕೊಂಡು, "ಮನ್ಯಾಗ ಬೆಕ್ಕ ಸಾಕೀರೇನ್ರಿ?" ಎಂದರು. ಇಲ್ಲ ಎಂದೆ. ತಮಗೆ ಹೀಗೆ ಸೀನು ಬರುವುದು ಬೆಕ್ಕಿನಿಂದ ಮಾತ್ರ, ಸರಿಯಾಗಿ ನೆನಪಿಸಿಕೊಳ್ಳಿ ಎಂದರು.

ಅತ್ತೆಯ ಮುಖ ಬಿಳಿಚಿತು. "ಐತ್ರಿ, ನಮ್ಮ ಚಿಂಗಿ. ಸತ್ತು ಭಾಳ ವರ್ಷ ಆತು. ಆದ್ರ ದಿನಾ ನನ್ನ ಕೌದಿ ಮ್ಯಾಲ ಬಂದ ಮಲಗತೈತ್ರಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಗೌರಿ ಮಲಗುತ್ತಿದ್ದುದು ಅದೇ ಕೌದಿಯಲ್ಲಿ, ಅಜ್ಜಿಯ ಪಕ್ಕ. ಹಳೆಯ ಕೂದಲು ಉಳಿದಿರಬಹುದೇ ಎಂದರೆ ಕೌದಿ ಹೊಲಿಸಿದ್ದು ಹೋದ ವರ್ಷ.

ರಾಯಬಾಗದಲ್ಲಿರುವ ಸತ್ತ ಬೆಕ್ಕನ್ನು ಚಿಕ್ಕೋಡಿಯಲ್ಲಿ ಕುಳಿತು ಕಂಡುಹಿಡಿದ ಡಾಕ್ಟರು ಅತ್ತೆಯ ಪಾಲಿಗೆ ದೇವರೇ ಆಗಿಬಿಟ್ಟರು. ಅವರು ಹೇಳಿದಂತೆ ಬೆಳಿಗ್ಗೆ ಸಂಜೆ ಅತ್ತೆ ತಾವೇ ಪಂಪು ಕೊಟ್ಟು, ಗೌರಿಯ ಬಾಯಿ ತೊಳೆಸತೊಡಗಿದರು. ಅಷ್ಟಕ್ಕೇ ಬಿಡಲಿಲ್ಲ. ಹಿತ್ತಲ ಬಾಗಿಲು ತೆರೆದು ಖಾಲಿ ಹೊಸ್ತಿಲಿಗೆ ಹೇಳಿದರು: "ಚಿಂಗಿ, ಕೂಸಿಗೆ ಉಸರ ಹಿಡ್ಯಾಕತ್ತೈತಿ. ನೀ ಕುಡಚಿಗೆ ಹೋಗಬೇ, ನನ್ನ ಗೆಳತಿ ಹಸೀನಾನ ಮನೀಗೆ. ಅವರು ಹೊಳಿ ಮೀನ ಮಾಡ್ತಾರ." ಬಾಗಿಲು ಹಾಕಿ ಒಳಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಗು ತಡೆಯಲು ನಾನು ಅಡುಗೆಮನೆಗೆ ಹೋಗಬೇಕಾಯಿತು.

ಮುಂದಿನ ಸಲ ಹೋದಾಗ ಗೌರಿಯ ಎದೆ ತಿಳಿಯಾಗಿತ್ತು. ಅದು ಪಂಪಿನ ಕೆಲಸ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಡಾಕ್ಟರು ಸೀನಲಿಲ್ಲ. ಹಿಂದೆ ಮುಂದೆ ಎರಡೆರಡು ಸಲ ಪರೀಕ್ಷಿಸಿ, ಮೂಗು ಮೇಲೆತ್ತಿ ಕಾದರು. ಏನೂ ಬರಲಿಲ್ಲ. ಅತ್ತೆ ಮೊಮ್ಮಗಳನ್ನು ಹೊರಗೆ ಕರೆದೊಯ್ದ ಮೇಲೆ ದನಿ ತಗ್ಗಿಸಿ, "ಟೀಚರ್ರೀ, ಆ ಬೆಕ್ಕ ಬೂದಿ ಬಣ್ಣದ್ದು ಅಲ್ಲಲ್ರಿ? ಅವತ್ತ ಕೂಸಿನ ಹಿಂದ ಒಂದ ಬಾಲ ಸುಳಿದಂಗಾತು" ಎಂದರು.

ನಾನು ಸೊಸೆಯಾಗಿ ಬರುವ ಮೊದಲೇ ಸತ್ತ ಬೆಕ್ಕು ಅದು. ಕೇಳಿಕೊಂಡು ಬರಲೇ ಎಂದೆ. ಬೇಡ ಬೇಡ ಎಂದು ಅವಸರದಿಂದ ಮುಂದಿನವರನ್ನು ಕರೆದರು.

ಬಸ್ಸಿನಲ್ಲಿ ಅತ್ತೆಯನ್ನು ಕೇಳಿದೆ. "ಬೂದಿ ಬಣ್ಣ. ಬಾಲದ ತುದಿ ಅಷ್ಟ ಬಿಳಿ. ಯಾಕವಾ?" ಎಂದರು.

ಈಗಲೂ ವರ್ಷಕ್ಕೊಮ್ಮೆ ಗೌರಿಯನ್ನು ಅವರಿಗೆ ತೋರಿಸುತ್ತೇನೆ. ಅವರು ಪಂಪಿನ ವಿಷಯ ಕೇಳುತ್ತಾರೆ, ನಾನು ಪಂಪಿನ ವಿಷಯವನ್ನಷ್ಟೇ ಹೇಳಿ ಬರುತ್ತೇನೆ. ಬಾಲದ ವಿಷಯ ತೆಗೆಯುವ ಧೈರ್ಯ ಇಬ್ಬರಿಗೂ ಬಂದಿಲ್ಲ.