ಗ್ರೇ ಗೋಡೆ, ಬಿಳಿ ಹೊಸ್ತಿಲು

ಮೊದಲು ಕ್ಷಮಿಸಿ. ಫಸ್ಟ್ ಪಿಯುಸಿ ಸೇರಿ ಮೂರು ತಿಂಗಳಾದರೂ ಒಂದು ಸಾಲು ಬರೆಯದವಳು, ಈಗ ಮುಖ ತೋರಿಸಲಾಗದ ಕೆಲಸ ಮಾಡಿಕೊಂಡು ಬರೆಯುತ್ತಿದ್ದೇನೆ. ಹಾಸ್ಟೆಲಿನ ನಿಮ್ಮ ನಾಲ್ಕು ಜನಕ್ಕೂ ಕಾರ್ಬನ್ ಇಟ್ಟು ಒಂದೇ ಕಾಗದ... ಕೊನೆಯ ಕಾಪಿ ಸಿಕ್ಕವಳು ಬೈದುಕೊಳ್ಳಬೇಡ.

ಹೋದ ಭಾನುವಾರ ನನ್ನ ಕ್ಲಾಸಿನ ನಂದಿನಿ ಮತ್ತು ಅವಳ ತಾಯಿ ರಾಜಾಜಿನಗರದಿಂದ ಮೊದಲ ಸಲ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಟ್ಟರು. ಆಂಟಿ ಮಾತ್ರ ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತುಬಿಟ್ಟರು.

"ಏನಮ್ಮಾ," ಅಂದರು, ದನಿ ತಗ್ಗಿಸಿ. "ಮನೇಲಿ ಏನಾದ್ರೂ ಆಗಿದ್ಯಾ? ಬೇಕಾದ್ರೆ ಇನ್ನೊಂದಿನ ಬರ್ತೀವಿ."

ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಅಂತ ಅವರು ತಿಳಿದಿದ್ದರು.

ಹಾಗೆ ತಿಳಿಯುವಂತೆ ಮಾಡಿದವಳು ನಾನೇ.

ಅಪ್ಪ ಕುರುಬರಹಳ್ಳಿಯಲ್ಲಿ ಈ ಮನೆ ಕಟ್ಟಿಸಿ ನಾಲ್ಕು ವರ್ಷವಾಯಿತು. ಗೋಡೆಗೆ ಬರೀ ಸುಣ್ಣ ಹೊಡೆಸಿದ್ದರು. ನಾನು ಹಾಸ್ಟೆಲ್ ಬಿಟ್ಟು ಮನೆಗೇ ಬಂದೆನಲ್ಲ, ಆ ಖುಷಿಗೆ, ಈ ಸಲ ಹಾಲ್‌ಗೆ ಯಾವ ಬಣ್ಣ ಅಂತ ನೀನೇ ಹೇಳು ಅಂದರು.

ನನ್ನ ತಲೆಯಲ್ಲಿ ಇದ್ದದ್ದು ಒಂದೇ ರೂಮು. ನಮ್ಮ ಹಾಸ್ಟೆಲಿನ ವಿಸಿಟರ್ಸ್ ರೂಮು. ನೆನಪಿದೆಯಾ... ಗ್ರೇ ಗೋಡೆ, ಕಿಟಕಿ ಬಾಗಿಲುಗಳಿಗೆಲ್ಲ ಬಿಳಿ ಪೇಂಟ್, ಗೋಡೆಯ ಬುಡಕ್ಕೆ ಬಿಳಿ ಪಟ್ಟಿ. ಅಷ್ಟು ಡೀಸೆಂಟ್ ಆದ ರೂಮು ನಾನು ಬೇರೆಲ್ಲೂ ನೋಡಿರಲಿಲ್ಲ.

ಲಗ್ಗೆರೆಯಿಂದ ಬಂದ ಪೇಂಟರ್ ಮುನಿರಾಜಣ್ಣ ಬಕೆಟ್ಟಿನಲ್ಲಿ ಬಣ್ಣ ಕಲಸುತ್ತಲೇ ನಕ್ಕರು. ಇದು ಗಿಲಾವು ಮಾಡಿ ಹಂಗೇ ಬಿಟ್ಟಂಗೆ ಕಾಣ್ತದೆ ಕಣಮ್ಮಾ, ನಿಮ್ಮಪ್ಪನಿಗೆ ಕಾಸು ಖಾಲಿಯಾಯ್ತು ಅಂದ್ಕೊಂತಾರೆ ಜನ, ಅಂದರು. ನಾನು ನಗಲಿಲ್ಲ.

ಬಾಗಿಲ ಚೌಕಟ್ಟಿಗೆ ಬಿಳಿ ಹೊಡೆದು ಕೆಳಗೆ ಬಂದವರು ಬ್ರಷ್ ಹಿಡಿದುಕೊಂಡು ಕೂತರು. "ಹೊಸ್ತಿಲು ಬಿಟ್‌ಬಿಡ್ಲಾ?"

ಕೇಳಿದ್ದು ನನ್ನನ್ನಲ್ಲ, ನನ್ನ ಹಿಂದೆ ನಿಂತಿದ್ದ ಅಮ್ಮನನ್ನು. ಅಮ್ಮ ನನ್ನ ಮುಖ ನೋಡಿದಳು. ನಾನು, ಅದಕ್ಕೂ ಹೊಡೀರಿ, ಇಲ್ಲದಿದ್ದರೆ ಮ್ಯಾಚ್ ಆಗಲ್ಲ, ಅಂದೆ.

ಮಾರನೇ ದಿನ ಅಮ್ಮ ಎಂದಿನಂತೆ ಹೊಸ್ತಿಲು ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟಳು. ಹೊಳೆಯುವ ಬಿಳಿಯ ಮೇಲೆ ಅರಿಶಿನ ಸರಿಯಾಗಿ ಕೂರಲಿಲ್ಲ. ಅಲ್ಲಲ್ಲಿ ಇಳಿದು ಹಳದಿ ಕಲೆಯಾಯಿತು. ಒಂದು ವಾರ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ನಂದಿನಿ ಬರಲಿದ್ದ ಆ ಭಾನುವಾರ ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿದ್ದಾಗ, ಮುನಿರಾಜಣ್ಣ ಬಿಟ್ಟುಹೋಗಿದ್ದ ಟರ್ಪಂಟೈನನ್ನು ಬಟ್ಟೆಗೆ ಹಾಕಿಕೊಂಡು ಹೊಸ್ತಿಲನ್ನು ಉಜ್ಜಿ ಉಜ್ಜಿ ಒರೆಸಿದೆ. ವಾಸನೆ ಹೋಗಲಿ ಅಂತ ಎರಡು ಚೊಂಬು ನೀರು ಸುರಿದೆ. ಆ ನೀರಿಗೆ ಬಾಗಿಲ ಮುಂದಿನ ರಂಗೋಲಿಯೂ ಹರಿದುಹೋಯಿತು.

ಹೋಗಲಿ, ಕ್ಲೀನಾಗಿಯೇ ಕಾಣುತ್ತದೆ ಅಂದುಕೊಂಡೆ. ಪ್ರಾಮಿಸ್, ಅಷ್ಟೇ ಅಂದುಕೊಂಡದ್ದು.

ರಂಗೋಲಿ ಇಲ್ಲದ ಅಂಗಳ, ಅರಿಶಿನ ಇಲ್ಲದ ಹೊಸ್ತಿಲು, ಒಳಗೆ ಬೂದಿ ಬಣ್ಣದ ಗೋಡೆ. ಅದರ ಮೇಲೆ ಒಂದು ದೇವರ ಪಟವೂ ಇಲ್ಲ, ಅವನ್ನೂ ನಾನೇ ಇಳಿಸಿದ್ದೆ. ಆಂಟಿ ಇನ್ನೇನು ತಿಳಿಯಬೇಕು?

ಅಷ್ಟರಲ್ಲಿ ಅಮ್ಮ ಕೈ ಒರೆಸಿಕೊಂಡು ಹೊರಗೆ ಬಂದಳು. ಹೊಸ್ತಿಲು ನೋಡಿದಳು, ನನ್ನ ಕಡೆ ನೋಡಲಿಲ್ಲ.

"ಅಯ್ಯೋ, ಒಳಗ್ ಬನ್ನಿ. ಏನೂ ಆಗಿಲ್ಲ," ಅಂದಳು. "ಎದ್ದಿದ್ದೇ ಲೇಟು. ಹೊಸ್ತಿಲಿಗೆ ಅರಿಶಿನ ಇಡೋದು ಮರ್ತೇಬಿಟ್ಟೆ. ನಂದೇ ಸೋಮಾರಿತನ."

"ಪುಣ್ಯವಂತ್ರು ಬಿಡಿ ನೀವು," ಅಂದರು ಆಂಟಿ, ಈಗ ಒಳಗೆ ಬರುತ್ತಾ. "ನಾನು ಮರ್ತಿದ್ರೆ ನಮ್ಮತ್ತೆ ಬೀದೀಗೆಲ್ಲ ಕೇಳೋ ಹಂಗೆ ಅಂದಿರೋರು."

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು.

ನನ್ನಮ್ಮ ಒಂದು ದಿನವೂ ಮರೆತವಳಲ್ಲ. ಜ್ವರ ಬಂದಾಗಲೂ ಗೋಡೆ ಹಿಡಿದುಕೊಂಡು ಬಂದು ಬಳಿದವಳು. ಅದನ್ನು ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ನಾನು ಕಪ್-ಸಾಸರ್ ಜೋಡಿಸುತ್ತಾ ನಿಂತಿದ್ದೆ.

ಅವರು ಹೊರಟಾಗ ಅಮ್ಮ ಇಬ್ಬರಿಗೂ ಕುಂಕುಮ ಕೊಟ್ಟು ಕಳಿಸಿದಳು. ಆಮೇಲೆ ನಾನು ಸಾರಿ ಅಂದೆ. ಅದಕ್ಕೇನು ಬಿಡು ಅಂದಳು.

ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಅವಳು ಮುಂದಿನ ಹೊಸ್ತಿಲನ್ನು ಮುಟ್ಟಿಲ್ಲ. ಹಿತ್ತಲ ಬಾಗಿಲಿಗೆ ಪೇಂಟ್ ಹೊಡೆದಿರಲಿಲ್ಲವಲ್ಲ, ಅರಿಶಿನ ಕುಂಕುಮ ಎಲ್ಲ ಈಗ ಅಲ್ಲಿಗೇ. ಮುಂಬಾಗಿಲಿಗೂ ಇಡಮ್ಮಾ ಅಂತ ಎರಡು ಸಲ ಹೇಳಿದೆ. "ಬಿಳೀದು ಚೆನ್ನಾಗಿದೆ, ಯಾಕ್ ಹಾಳ್ ಮಾಡೋದು," ಅನ್ನುತ್ತಾಳೆ. ಕೋಪದ ದನಿಯಲ್ಲ, ಅದೇ ಕಷ್ಟ.

ನಿನ್ನೆ ಕಾಲೇಜಿನಿಂದ ಬಂದಾಗ ಹಾಲ್‌ನಲ್ಲಿ ಕೂತಿದ್ದಳು. ಕುರ್ಚಿಯ ತುದಿಯಲ್ಲಿ, ಸೆರಗು ಎರಡೂ ಭುಜಕ್ಕೆ ಹೊದ್ದುಕೊಂಡು.

ಆಗ ಹೊಳೆಯಿತು. ವಿಸಿಟರ್ಸ್ ರೂಮಿನಲ್ಲೂ ಅಮ್ಮ ಹೀಗೇ ಕೂರುತ್ತಿದ್ದಳು. ತಿಂಗಳಿಗೊಂದು ಭಾನುವಾರ, ಟಿಫನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಯಾರಾದರೂ ಏಳು ಅಂದರೆ ಏಳಲು ತಯಾರಾಗಿ... ಆ ರೂಮನ್ನೇ ತಂದು ಅವಳ ಮನೆಯೊಳಗೆ ಇಟ್ಟುಬಿಟ್ಟಿದ್ದೇನೆ.

ಅದಕ್ಕೇ ಈ ಕಾಗದ. ಬರುವ ಶುಕ್ರವಾರ ಅಮ್ಮ ಏಳುವ ಮೊದಲು ನಾನೇ ಆ ಹೊಸ್ತಿಲಿಗೆ ಅರಿಶಿನ ಬಳಿಯಬೇಕು ಅಂತಿದ್ದೇನೆ. ಆದರೆ ಹದಿನಾರು ವರ್ಷವಾದರೂ ನನಗೆ ಅದು ಬರುವುದಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಹೊಸ್ತಿಲೇ ಇರಲಿಲ್ಲವಲ್ಲ. ಅಮ್ಮನನ್ನು ಕೇಳುವ ಮುಖ ನನಗಿಲ್ಲ.

ನಿಮ್ಮ ನಿಮ್ಮ ಅಮ್ಮಂದಿರನ್ನು ಕೇಳಿ. ಸ್ನಾನ ಮಾಡಿಯೇ ಬಳಿಯಬೇಕಾ? ಎಷ್ಟು ಗಟ್ಟಿಯಾಗಿ ಕಲಸಬೇಕು? ಕುಂಕುಮ ಎಲ್ಲೆಲ್ಲಿ ಇಡಬೇಕು? ಪೇಂಟ್ ಕೆರೆದು ತೆಗೆಯದೆ ಅರಿಶಿನ ನಿಲ್ಲುತ್ತದಾ? ಯಾಕೆ ಕೇಳುತ್ತಿದ್ದೇನೆ ಅಂತ ಅವರಿಗೆ ಹೇಳಿದರೂ ಪರವಾಗಿಲ್ಲ.

ಗುರುವಾರದೊಳಗೆ ಕೈಗೆ ಸಿಗುವಂತೆ, ಯಾರಾದರೂ ಒಬ್ಬರು ಬೇಗ ಉತ್ತರ ಬರೆಯಿರಿ.